ಮೂರು ವರ್ಷದಿಂದ ಹ್ಯಾಂಡ್‌ಬ್ರೇಕ್ ಮತ್ತು ಎವಿ1: ಅನಿಮೇಷನ್ ಸಿನಿಮಾ ಕೂಡಿಡುವವರಿಗೆ

ನಮ್ಮ ಮನೆಯಲ್ಲಿ ಅರವತ್ತು ಚಿಲ್ಲರೆ ಅನಿಮೇಷನ್ ಸಿನಿಮಾ ಡಿಸ್ಕ್‌ಗಳಿವೆ. ಡಿವಿಡಿಗಳೇ ಜಾಸ್ತಿ, ಬ್ಲೂ-ರೇ ಒಂದಿಷ್ಟು. ಮೂರು ವರ್ಷದ ಹಿಂದೆ ಮಗಳಿಗೆ ತುಂಬಾ ಇಷ್ಟವಾದ ಎರಡು ಡಿವಿಡಿ ಓಡುವುದನ್ನೇ ನಿಲ್ಲಿಸಿದವು. ಅವತ್ತೇ ಉಳಿದದ್ದನ್ನೆಲ್ಲ ಹಾರ್ಡ್ ಡಿಸ್ಕ್‌ಗೆ ಇಳಿಸಲು ಕೂತೆ. ಬಳಸುತ್ತಿರುವುದು ಹ್ಯಾಂಡ್‌ಬ್ರೇಕ್ ಎಂಬ ವೀಡಿಯೊ ಕುಗ್ಗಿಸುವ ಸಾಫ್ಟ್‌ವೇರ್, ಪೂರ್ತಿ ಉಚಿತ. 1.6ನೇ ಆವೃತ್ತಿಯಿಂದ ಅದರಲ್ಲಿ ಎವಿ1 ಎನ್‌ಕೋಡರ್ ಸಿಗುತ್ತದೆ. ಎವಿ1 ಅಂದರೆ ವೀಡಿಯೊವನ್ನು ಚಿಕ್ಕ ಫೈಲಿಗೆ ಕುಗ್ಗಿಸುವ ಒಂದು ವಿಧಾನ, ಎನ್‌ಕೋಡರ್ ಅಂದರೆ ಆ ಕೆಲಸ ಮಾಡುವ ಭಾಗ.

ಅನಿಮೇಷನ್‌ನಲ್ಲಿ ಮೊದಲು ಕೆಡುವುದು ಆಕಾಶ. ಸಂಜೆಯ ಬಣ್ಣ ನಯವಾಗಿ ಇಳಿಯುವ ಕಡೆ ಪಟ್ಟೆ ಪಟ್ಟೆಯಾಗಿ ಕಾಣುತ್ತದೆ. ಅದಕ್ಕೇ ಡಿಸ್ಕ್ 8-ಬಿಟ್ ಇದ್ದರೂ 10-ಬಿಟ್ ಎವಿ1 ಆರಿಸಿ. ಬಿಟ್ ಹೆಚ್ಚಿದಷ್ಟೂ ಬಣ್ಣದ ಹಂತಗಳು ಹೆಚ್ಚು: 8-ಬಿಟ್‌ನಲ್ಲಿ ಒಂದೊಂದು ಬಣ್ಣದ ಚಾನೆಲ್‌ಗೆ 256 ಹಂತ, 10-ಬಿಟ್‌ನಲ್ಲಿ 1024. ಫೈಲ್ ಗಾತ್ರ ಹೆಚ್ಚುಕಮ್ಮಿ ಅಷ್ಟೇ ಇರುತ್ತದೆ, ಪಟ್ಟೆ ಮಾತ್ರ ಎಷ್ಟೋ ಕಮ್ಮಿಯಾಗುತ್ತದೆ. ವೇಗದ ಆಯ್ಕೆಯಾದ ಪ್ರೀಸೆಟ್‌ ಅನ್ನು ನಿಧಾನದ ಕಡೆಗೆ, 4ಕ್ಕೆ ಇಟ್ಟರೆ ನನ್ನ ಹಳೇ ಕಂಪ್ಯೂಟರ್‌ಗೆ ಒಂದು ಬ್ಲೂ-ರೇಗೆ ಇಡೀ ರಾತ್ರಿ ಬೇಕು. ಆದರೂ 25 ಜಿಬಿಯ ಕಂಪ್ಯೂಟರ್ ಅನಿಮೇಷನ್ ಸಿನಿಮಾ 2 ಜಿಬಿಗೆ ಬಂದು ಚೆನ್ನಾಗಿಯೇ ಕಂಡಾಗ ನಿಜಕ್ಕೂ ಖುಷಿಯಾಯಿತು.

ಕೈಯಲ್ಲಿ ಬರೆದು ಫಿಲ್ಮಿಗೆ ಹಿಡಿದ ಹಳೆಯ ಸಿನಿಮಾಗಳ ಕಥೆಯೇ ಬೇರೆ. ಸೆಕೆಂಡಿಗೆ 24 ಫ್ರೇಮ್ ಇದ್ದರೂ ಎಷ್ಟೋ ಕಡೆ ಒಂದೇ ಚಿತ್ರ ಎರಡೆರಡು ಫ್ರೇಮ್ ನಿಂತಿರುತ್ತದೆ, ಹಾಗಾಗಿ ಚೆನ್ನಾಗಿ ಕುಗ್ಗಬೇಕು ಅಲ್ವಾ? ಕುಗ್ಗುವುದಿಲ್ಲ. ಚಿತ್ರ ಅದೇ ಆದರೂ ಫಿಲ್ಮಿನ ಗ್ರೇನ್, ಅಂದರೆ ಮರಳಿನಂಥ ಸಣ್ಣ ಚುಕ್ಕೆಗಳು, ಪ್ರತಿ ಫ್ರೇಮಿಗೂ ಬದಲಾಗುತ್ತದೆ, ಎನ್‌ಕೋಡರ್‌ಗೆ ಅದೆಲ್ಲ ಹೊಸದೇ. ಎವಿ1ನಲ್ಲಿ ಇದಕ್ಕೊಂದು ಉಪಾಯವಿದೆ: ಎನ್‌ಕೋಡರ್ ಗ್ರೇನ್ ಅಳೆದು ಒರೆಸುತ್ತದೆ, ನೋಡುವಾಗ ಅಂಥದ್ದೇ ಗ್ರೇನನ್ನು ಪ್ಲೇಯರ್ ಮತ್ತೆ ಸೇರಿಸುತ್ತದೆ. ನಾನು ಅದನ್ನು ಜೋರಾಗಿ ಇಟ್ಟು ಹನ್ನೊಂದು ಸಿನಿಮಾ ಮಾಡಿ ಮುಗಿಸಿದೆ. ಆಮೇಲೆ ದೊಡ್ಡ ಪರದೆಯಲ್ಲಿ ನೋಡಿದರೆ ಹಿನ್ನೆಲೆಯ ಕುಂಚದ ಗೆರೆಗಳು, ಮುಖದ ಸಣ್ಣ ಪೆನ್ಸಿಲ್ ಗೆರೆಗಳು ಗ್ರೇನ್ ಜೊತೆಗೇ ಅಳಿಸಿಹೋಗಿದ್ದವು. ಯಾರೋ ಕೂತು ಒಂದೊಂದಾಗಿ ಎಳೆದ ಗೆರೆ ಅದು, ತುಂಬಾ ಬೇಜಾರಾಯಿತು. ಹನ್ನೊಂದನ್ನೂ ಮತ್ತೆ ಮಾಡಿದೆ. ಈಗ ಇಂಥವಕ್ಕೆ ಒರೆಸುವ ಆಯ್ಕೆ ಮುಟ್ಟುವುದಿಲ್ಲ, 6 ಜಿಬಿ ಆದರೆ ಆಗಲಿ.

ಧ್ವನಿ ಕುಗ್ಗಿಸಲು ಓಪಸ್ ಎಂಬ ವಿಧಾನ. ಸ್ಟೀರಿಯೋಗೆ 128 ಕೆಬಿಪಿಎಸ್, ಆರು ಚಾನೆಲ್‌ನ 5.1 ಸರೌಂಡ್ ಧ್ವನಿಗೆ 320. ಹಾಡು ಜಾಸ್ತಿ ಇರುವ ಸಿನಿಮಾಗಳಿಗೆ ಮಾತ್ರ ಫ್ಲ್ಯಾಕ್, ಅದರಲ್ಲಿ ಏನೂ ಕಳೆದುಹೋಗುವುದಿಲ್ಲ.

ತೊಂದರೆ ಇರುವುದು ಟಿವಿಯಲ್ಲಿ. ನಮ್ಮ ಹಳೇ ಟಿವಿ ಎವಿ1 ಓಡಿಸುವುದೇ ಇಲ್ಲ, ಓಪಸ್ ಇದ್ದರೆ ಶಬ್ದ ಬರುವುದಿಲ್ಲ. ಕಂಪ್ಯೂಟರಿನಿಂದ ಎಚ್‌ಡಿಎಂಐ ಕೇಬಲ್ ಎಳೆದುಕೊಂಡಿದ್ದೇವೆ. ಅದು ಆಗದವರು ಸುಮ್ನೆ ವೀಡಿಯೊಗೆ 10-ಬಿಟ್ ಎಚ್.265, ಧ್ವನಿಗೆ ಎಎಸಿ ಬಳಸಿ.

ಇನ್ನೊಂದು ಮಾತು, ಡಿಸ್ಕ್ ಎಸೆಯಬೇಡಿ. ಎವಿ1 ಎಷ್ಟೇ ಚೆನ್ನಾಗಿದ್ದರೂ ಒಮ್ಮೆ ಹೋದ ವಿವರ ವಾಪಸ್ ಬರುವುದಿಲ್ಲ. ಫಿಲ್ಮ್ ಕಾಲದ ಸಿನಿಮಾಗಳನ್ನು ಕುಗ್ಗಿಸದೆ, ಡಿಸ್ಕಿನಲ್ಲಿ ಇದ್ದ ಹಾಗೇ ಎಂಕೆವಿ ಎಂಬ ವೀಡಿಯೊ ಫೈಲ್ ಮಾಡಿ ಇನ್ನೊಂದು ಹಾರ್ಡ್ ಡಿಸ್ಕ್‌ನಲ್ಲಿ ಇಟ್ಟಿದ್ದೇನೆ. ಆ ಹನ್ನೊಂದನ್ನು ಮತ್ತೆ ಮಾಡಲು ಆದದ್ದೂ ಅದರಿಂದಲೇ.