ಹೆಲಿಕಾಪ್ಟರಿನ ಎಡ ಸೀಟಿನಲ್ಲಿ ಒಂದು ಪಾಕೆಟ್ ಕ್ಯಾಮೆರಾ: ವರ್ಷಗಟ್ಟಲೆ ಬಳಸಿದ ಮೇಲೆ

ಇದು ಹೊಸ ಮಾಡೆಲ್ ಅಲ್ಲ. ಮುಂಬೈ ಫೋರ್ಟಿನ ಬೋರಾ ಬಜಾರಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡ, ಒಂದು ಇಂಚಿನ ಸೆನ್ಸರ್ ಇರುವ ಪಾಕೆಟ್ ಕ್ಯಾಮೆರಾ. 20 ಮೆಗಾಪಿಕ್ಸೆಲ್, 24ರಿಂದ 70 ಎಂಎಂ ಜೂಮ್, ಅಂಗಿ ಜೇಬಿಗೆ ಹಿಡಿಸುವ ಗಾತ್ರ. ಕಂಪನಿ ಹೆಸರು ಹೇಳುವುದಿಲ್ಲ. ಈ ಜಾತಿಯ ಕ್ಯಾಮೆರಾಗಳನ್ನು ಬೇರೆ ಬೇರೆಯವರು ಮಾಡಿದ್ದಾರೆ, ಗುಣ-ದೋಷ ಹೆಚ್ಚೂ ಕಮ್ಮಿ ಒಂದೇ.

ನಾನು ಜುಹೂನಲ್ಲಿ ಹೆಲಿಕಾಪ್ಟರ್ ಪೈಲಟ್. ಊರು ಧಾರವಾಡ, ಈಗ ಮನೆ ವಿಲೆ ಪಾರ್ಲೆ. ಮಾಟುಂಗಾದ ಗೆಳೆಯರಿಗೆ, ಮನೆಯವರ ಗ್ರೂಪಿಗೆ ಫೋಟೋ ಹಾಕಿದಾಗೆಲ್ಲ ಒಂದೇ ಪ್ರಶ್ನೆ: 'ಇದು ಡ್ರೋನಾ? ಯಾವ ಮೊಬೈಲು?' ಎರಡೂ ಅಲ್ಲ. ಬಿಡಿಬಿಡಿಯಾಗಿ ಉತ್ತರ ಕೊಟ್ಟು ಸಾಕಾಯಿತು, ಅದಕ್ಕೇ ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

ಮೊದಲು ಕಾನೂನು, ಏಕೆಂದರೆ ಅದನ್ನು ಬಿಟ್ಟು ಕ್ಯಾಮೆರಾ ಮಾತಾಡಿ ಉಪಯೋಗವಿಲ್ಲ. 1937ರ ವಿಮಾನ ನಿಯಮಗಳಲ್ಲಿ 13ನೆಯದು ಇದೆ. ಸರ್ಕಾರಿ ವಿಮಾನ ನಿಲ್ದಾಣದಲ್ಲಿ, ಇಲ್ಲವೇ ಹಾರುತ್ತಿರುವಾಗ ಫೋಟೋ ತೆಗೆಯಬೇಕೆಂದರೆ ಲಿಖಿತ ಅನುಮತಿ ಬೇಕು. ಪೈಲಟ್ ಅಂದ ಮಾತ್ರಕ್ಕೆ ವಿನಾಯಿತಿ ಇಲ್ಲ. ಪುಣೆಯ ಲೋಹಗಾಂವ್ ವಾಯುಪಡೆಯ ನೆಲೆ, ಗೋವಾದ ದಾಬೋಲಿಂ ನೌಕಾಪಡೆಯದು. ಅಲ್ಲಿ ಕ್ಯಾಮೆರಾ ಕೈಗೆ ಬರುವ ಮಾತೇ ಇಲ್ಲ. ಸಮುದ್ರದ ತೈಲ ಬಾವಿಗಳ ಕಡೆ ಹೋದಾಗಲೂ ಅಷ್ಟೇ. ಬಾಂಬೆ ಹೈ ತೀರದಿಂದ ಸುಮಾರು 160 ಕಿ.ಮೀ. ದೂರ. ಸಂಜೆ ಹೊತ್ತು ಅಲ್ಲಿ ಗ್ಯಾಸ್ ಉರಿಯುವ ಬೆಂಕಿ ನೀರಿನ ಮೇಲೆ ಹೇಗೆ ಕಾಣುತ್ತದೆ ಅಂತ ಬಾಯಲ್ಲಿ ಹೇಳಬಲ್ಲೆ, ಫೋಟೋ ಮಾತ್ರ ಕೇಳಬೇಡಿ. ನಾನು ಕ್ಯಾಮೆರಾ ತೆಗೆಯುವುದು ಅನುಮತಿ ಬಂದಿರುವ ಏರಿಯಲ್ ಫೋಟೋ, ಸರ್ವೆ ಕೆಲಸಗಳಲ್ಲಿ. ಅದೂ ಇನ್ನೊಬ್ಬ ಪೈಲಟ್ ಹಾರಿಸುತ್ತಿರುವಾಗ, ಅವರಿಗೆ ಹೇಳಿಯೇ.

ಇಂಥ ಕೆಲಸಕ್ಕೆ ದೊಡ್ಡ ಡಿಎಸ್‌ಎಲ್‌ಆರ್ ಯಾಕೆ ಬೇಡ ಅನ್ನುವುದಕ್ಕೆ ಒಂದು ಘಟನೆ ಸಾಕು. 2014ರ ಫೆಬ್ರವರಿಯಲ್ಲಿ ಬ್ರಿಟನ್ ವಾಯುಪಡೆಯ ಒಂದು ವಾಯೇಜರ್ ವಿಮಾನ ಕಪ್ಪು ಸಮುದ್ರದ ಮೇಲೆ ಇದ್ದಕ್ಕಿದ್ದಂತೆ 4,400 ಅಡಿ ಕೆಳಗಿಳಿಯಿತು. ಕಾರಣ, ಕ್ಯಾಪ್ಟನ್ನರ ಕ್ಯಾಮೆರಾ ಆರ್ಮ್‌ರೆಸ್ಟಿಗೂ ಸೈಡ್‌ಸ್ಟಿಕ್ಕಿಗೂ (ವಿಮಾನವನ್ನು ಏರಿಸಿ ಇಳಿಸುವ, ತಿರುಗಿಸುವ ಪಕ್ಕದ ಹಿಡಿಕೆ) ನಡುವೆ ಸಿಕ್ಕಿಕೊಂಡಿತ್ತು. ಅವರು ಸೀಟು ಮುಂದಕ್ಕೆ ಎಳೆದರು, ಕ್ಯಾಮೆರಾ ಸ್ಟಿಕ್ಕನ್ನು ಮುಂದಕ್ಕೆ ತಳ್ಳಿತು. 2018ರ ಮಾರ್ಚ್ 11ರಂದು ನ್ಯೂಯಾರ್ಕಿನ ಈಸ್ಟ್ ನದಿಗೆ ಬಿದ್ದದ್ದಂತೂ ಬಾಗಿಲು ತೆಗೆದು ಫೋಟೋ ತೆಗೆಯುವುದಕ್ಕೇ ಹೊರಟ ಹೆಲಿಕಾಪ್ಟರ್. ಪ್ರಯಾಣಿಕರೊಬ್ಬರ ಸುರಕ್ಷತಾ ಪಟ್ಟಿ ಇಂಧನ ನಿಲ್ಲಿಸುವ ಲಿವರಿಗೆ ಸಿಕ್ಕಿ ಎಂಜಿನ್ ನಿಂತುಹೋಯಿತು. ಐದು ಪ್ರಯಾಣಿಕರು ಸತ್ತರು, ಪೈಲಟ್ ಒಬ್ಬರೇ ಉಳಿದರು. ಕಾಕ್‌ಪಿಟ್ಟಿನಲ್ಲಿ ಕ್ಯಾಮೆರಾದ ಮೊದಲ ಗುಣ ಚಿತ್ರದ ಗುಣಮಟ್ಟ ಅಲ್ಲ. ಅದು ಚಿಕ್ಕದಿರಬೇಕು, ಕಟ್ಟಿರಬೇಕು, ಬೇಡವಾದ ಕ್ಷಣ ಜಿಪ್ ಇರುವ ಜೇಬಿನೊಳಗೆ ಮಾಯವಾಗಬೇಕು. ಈ ಲೆಕ್ಕದಲ್ಲಿ ನನ್ನ ಕ್ಯಾಮೆರಾಗೆ ಪೂರ್ತಿ ಅಂಕ. ನಮ್ಮ ಹ್ಯಾಂಗರಿನಲ್ಲಿ ಪುತ್ತೂರಿನ ಒಬ್ಬರು ಎಂಜಿನಿಯರ್ ಇದ್ದಾರೆ. ಹೊರಡುವ ಮುಂಚೆ ಬಾಗಿಲ ಹತ್ತಿರ ಬಂದು ಕೇಳಿಯೇ ಕೇಳುತ್ತಾರೆ: 'ಕ್ಯಾಮೆರಾದ ದಾರ ಎಲ್ಲಿಗೆ ಕಟ್ಟಿದ್ದೀರಿ ಮಾರಾಯ್ರೆ? ತೋರಿಸಿ ಒಮ್ಮೆ.' ಮಣಿಕಟ್ಟು ತೋರಿಸಿದ ಮೇಲೇ ಅವರ ಹೆಬ್ಬೆರಳು ಮೇಲೇಳುವುದು.

ಈಗ ಚಿತ್ರದ ವಿಷಯ. ಈ ಕ್ಯಾಮೆರಾ ನನಗೆ ಇಷ್ಟವಾಗಲು ದೊಡ್ಡ ಕಾರಣ ಅದರ ಶಟರ್. ಮೊಬೈಲಿನಲ್ಲಿ ತೆಗೆದ ಹೆಲಿಕಾಪ್ಟರ್ ಫೋಟೋ ನೋಡಿರುತ್ತೀರಿ, ರೆಕ್ಕೆಗಳು ಕುಡುಗೋಲಿನ ಹಾಗೆ ಬಾಗಿರುತ್ತವೆ. ನನ್ನ ಸೋದರಮಾವ ಒಮ್ಮೆ ಅಂಥ ಫೋಟೋ ನೋಡಿ ಗಾಬರಿಯಿಂದ ಫೋನ್ ಮಾಡಿದ್ದರು, 'ಏನಪಾ, ಫ್ಯಾನ್ ಸೊಟ್ಟ ಆಗೇತಲ್ಲ!' ಸೊಟ್ಟ ಆಗಿರುವುದಿಲ್ಲ. ಮೊಬೈಲ್ ಸೆನ್ಸರ್ ಚಿತ್ರವನ್ನು ಒಂದೊಂದೇ ಸಾಲಾಗಿ ಓದುತ್ತದೆ. ಕೊನೆಯ ಸಾಲಿಗೆ ಬರುವಷ್ಟರಲ್ಲಿ ರೆಕ್ಕೆ ಮುಂದಕ್ಕೆ ಹೋಗಿರುತ್ತದೆ. ಬೆಲ್ 412 ಹೆಲಿಕಾಪ್ಟರ್ ತಗೊಳ್ಳಿ: ನಾಲ್ಕು ರೆಕ್ಕೆ, ನಿಮಿಷಕ್ಕೆ 324 ಸುತ್ತು. ಅಂದರೆ ಸೆಕೆಂಡಿಗೆ 21-22 ಸಲ ಒಂದೊಂದು ರೆಕ್ಕೆ ನಿಮ್ಮ ತಲೆ ಮೇಲೆ ಹಾದುಹೋಗುತ್ತದೆ. ನನ್ನ ಕ್ಯಾಮೆರಾದ ಲೆನ್ಸಿನೊಳಗೇ ಪುಟ್ಟ ಮೆಕ್ಯಾನಿಕಲ್ ಶಟರ್ ಇದೆ, ಇಡೀ ಸೆನ್ಸರಿಗೆ ಒಟ್ಟಿಗೇ ಬೆಳಕು ಬಿಡುತ್ತದೆ. ರೆಕ್ಕೆ ನೇರವಾಗಿಯೇ ಬರುತ್ತದೆ. ಮೆನುವಿನಲ್ಲಿ ಎಲೆಕ್ಟ್ರಾನಿಕ್ ಶಟರ್ ಅಂತಲೂ ಇದೆ, ಅದನ್ನು ಆನ್ ಮಾಡಿದರೆ ಮೊಬೈಲಿನದೇ ಕಥೆ. ಆಫ್ ಮಾಡಿಬಿಡಿ.

ಮೊಬೈಲ್ ಬೇಡ ಅನ್ನುವುದಕ್ಕೆ ಇನ್ನೊಂದು ಕಾರಣ ಅದುರು. ದೊಡ್ಡ ಬೈಕ್ ಎಂಜಿನ್ನಿನ ಅದುರಿಗೆ ಐಫೋನ್ ಕ್ಯಾಮೆರಾದ ಸ್ಟೆಬಿಲೈಸೇಶನ್ (ಕೈ ಅಲುಗಿದರೂ ಚಿತ್ರ ಅಲುಗದಂತೆ ನೋಡಿಕೊಳ್ಳುವ ಭಾಗ) ಕೆಡಬಹುದು ಅಂತ ಆಪಲ್ 2021ರಲ್ಲಿ ತಾನೇ ಎಚ್ಚರಿಕೆ ಕೊಟ್ಟಿತ್ತು. ನಮ್ಮ ಸೀಟಿನಲ್ಲಿ ಅದುರಿಗೇನು ಬರವಾ? ಹಾಗಾಗಿ ಕ್ಯಾಮೆರಾವನ್ನೂ ಬಾಗಿಲಿಗೆ, ಕಿಟಕಿಗೆ ಒರಗಿಸುವುದಿಲ್ಲ. ಮೊಣಕೈ ಸಹ ಎಲ್ಲೂ ಊರಬಾರದು. ಮೈಯೇ ಅದುರು ತಡೆಯುವ ಮೆತ್ತೆ. ಶಟರ್ 1/1000 ಸೆಕೆಂಡಿಗೆ ಇಟ್ಟುಬಿಡುತ್ತೇನೆ, ಮೋಡ ಇದ್ದರೆ ಐಎಸ್‌ಒ, ಅಂದರೆ ಬೆಳಕಿಗೆ ಸೆನ್ಸರಿನ ಸೂಕ್ಷ್ಮತೆ, ಏರಿಸುತ್ತೇನೆಯೇ ಹೊರತು ಶಟರ್ ಇಳಿಸುವುದಿಲ್ಲ.

ಕಷ್ಟ ಕೊಡುವುದು ಕಿಟಕಿ. ಅದು ಗಾಜಲ್ಲ, ಪ್ಲಾಸ್ಟಿಕ್. ಬೆಳಕಿನ ಹೊಳಪು ತಗ್ಗಿಸುವ ಪೋಲರೈಸರ್ ಫಿಲ್ಟರ್ ಹಾಕಿದರೆ ಆಕಾಶದ ತುಂಬ ಕಾಮನಬಿಲ್ಲಿನ ಬಣ್ಣದ ಕಲೆಗಳು ಏಳುತ್ತವೆ. ಅಂಗಡಿಯವರು 'ಏರಿಯಲ್‌ಗೆ ಪೋಲರೈಸರ್ ಬೇಕೇ ಬೇಕು ಸರ್' ಅಂತ ಹೊಗಳಿದರೆ ಸುಮ್ನೆ ನಕ್ಕು ಬನ್ನಿ. ಪ್ರತಿಬಿಂಬದ ಕಾಟ ಇನ್ನೂ ಜಾಸ್ತಿ. ನಮ್ಮದು ಬಿಳಿ ಅಂಗಿ, ಹೆಗಲ ಮೇಲೆ ಬಂಗಾರದ ಪಟ್ಟಿ. ಹಳೆಯ ಫೋಟೋಗಳಲ್ಲಿ ಕೊಂಕಣ ತೀರದ ಉದ್ದಕ್ಕೂ ಮಂಕಾಗಿ ಮೂರು ಪಟ್ಟಿ ತೇಲುತ್ತಿವೆ! ಈಗ ಕಪ್ಪು ಸಿಲಿಕೋನ್ ಲೆನ್ಸ್ ಹುಡ್ (ಲೆನ್ಸಿನ ಸುತ್ತ ಹಾಕುವ ಮೆತ್ತನೆಯ ಕೊಳವೆ) ಇಟ್ಟುಕೊಂಡಿದ್ದೇನೆ. ಅದರ ಅಂಚು ಕಿಟಕಿಗೆ ಮುಟ್ಟಿಯೂ ಮುಟ್ಟದ ಹಾಗೆ ಹಿಡಿದರೆ ಸಾಕು, ಒತ್ತಿದರೆ ಅದುರು ಒಳಗೆ ಬರುತ್ತದೆ. ಕ್ಯಾಮೆರಾ ಬೆಲೆ ಮುಂದೆ ಇದು ಚಿಲ್ಲರೆ ಕಾಸು, ಆದರೆ ಫೋಟೋ ಸುಧಾರಿಸಿದ್ದು ಇದರಿಂದಲೇ ಜಾಸ್ತಿ.

ಆಟೋ ಫೋಕಸ್ ಬಗ್ಗೆ ನನ್ನ ತಕರಾರಿದೆ. ಕಿಟಕಿ ಮೇಲೆ ಒಂದು ಹುಳ ಅಪ್ಪಚ್ಚಿಯಾಗಿದ್ದರೆ ಸಾಕು, ಸಹ್ಯಾದ್ರಿಯನ್ನೇ ಬಿಟ್ಟು ಹುಳದ ಮೇಲೆ ಫೋಕಸ್ ಮಾಡುತ್ತದೆ. ಮ್ಯಾನುಯಲ್‌ನಲ್ಲಿ ದೂರಕ್ಕೆ ಇಟ್ಟರೆ ಸರಿಹೋಗುತ್ತದೆ, ಆದರೆ ಆಫ್ ಮಾಡಿ ಆನ್ ಮಾಡಿದರೆ ಇಟ್ಟದ್ದು ಮರೆತುಹೋಗುತ್ತದೆ. ಸ್ಕ್ರೀನ್ ಸಹ ಬಿಸಿಲಿಗೆ ಮಂಕು. ಬ್ಯಾಟರಿ ಚಿಕ್ಕದು, ಇನ್ನೊಂದು ಜೊತೆಗಿರಲೇಬೇಕು.

ಇಷ್ಟೆಲ್ಲ ತಾಪತ್ರಯದ ನಡುವೆಯೂ ಅದು ಕೊಟ್ಟ ಚಿತ್ರಗಳು ಸಾಮಾನ್ಯದವಲ್ಲ. ಭಾಂಡುಪ್ ಕಡೆಯ ಉಪ್ಪಿನಾಗರಗಳನ್ನು ಮೇಲಿಂದ ನೋಡಬೇಕು. ಒಂದು ಮಡಿ ಬೂದು, ಪಕ್ಕದ್ದು ತಿಳಿ ಗುಲಾಬಿ, ಆಚೆಯದು ಸುಟ್ಟ ಇಟ್ಟಿಗೆ ಬಣ್ಣ. ಗೋಕರ್ಣದ ಹತ್ತಿರ ಉಪ್ಪು ಬೆಳೆಯುವ ಸಾಣೀಕಟ್ಟದವರಿಗೆ ತೋರಿಸಿದರೆ 'ಇದು ನಮ್ಮದೇ' ಅಂದಾರು. ಪುಣೆ ಕಡೆ ಹೋಗುವಾಗ ಜುಲೈನಲ್ಲಿ ಲೋಹಗಡ, ತಿಕೋನಾ ಕೋಟೆಗಳ ತಲೆ ಮಾತ್ರ ಮೋಡದ ಮೇಲೆ ಕಾಣುತ್ತದೆ. ಹಾಗೆ ಕಂಡ ದಿನ ನಾವು ಹಿಂದಿರುಗುವ ಯೋಚನೆಯಲ್ಲಿರುತ್ತೇವೆ, ಫೋಟೋ ಯೋಚನೆಯಲ್ಲಲ್ಲ. ಒಳ್ಳೆಯ ಕಾಲ ಅಂದರೆ ಅಕ್ಟೋಬರ್. ಮಳೆ ಗಾಳಿಯನ್ನು ತೊಳೆದಿರುತ್ತದೆ, ಘಟ್ಟದ ಹಸಿರು ಇನ್ನೂ ಹೋಗಿರುವುದಿಲ್ಲ. ಡಿಸೆಂಬರ್ ಬಂತೆಂದರೆ ಮುಂಬೈ ಮೇಲೆ ಕಂದು ಮುಸುಕು, ಯಾವ ಕ್ಯಾಮೆರಾ ಆದರೂ ಅಷ್ಟೇ.

ಗೋವಾದಲ್ಲಿ ನನಗೆ ಕಡಲ ತೀರಕ್ಕಿಂತ ಒಳನಾಡು ಇಷ್ಟ. ಬಿಚೋಲಿ ಕಡೆ ಕೆಂಪು ಗಣಿ ಗುಂಡಿಗಳಲ್ಲಿ ನಿಂತ ಹಸಿರು-ನೀಲಿ ನೀರು. ಇನ್ನೂ ಪೂರ್ವಕ್ಕೆ ಬಂದರೆ ದೂಧಸಾಗರ, 310 ಮೀಟರ್, ಅದರ ಹೊಟ್ಟೆಯ ಮೇಲೇ ಹಾದುಹೋಗುವ ರೈಲು ಹಳಿ. ಅದರ ಬೆನ್ನಿಗೇ ನಮ್ಮ ಖಾನಾಪುರದ ಕಾಡು. ಅಲ್ಲಿ ಹುಟ್ಟುವ ಮಹದಾಯಿ ಪಣಜಿಯ ಹತ್ತಿರ ಮಾಂಡೋವಿಯಾಗಿ ಎಷ್ಟು ಅಗಲವಾಗುತ್ತದೆ ಅನ್ನುವುದು ಮೇಲಿಂದ ನೋಡಿದರೇ ಅಂದಾಜಿಗೆ ಸಿಗುವುದು. ಎರಡೂ ಕಡೆಯವರು ನೀರಿಗಾಗಿ ಜಗಳವಾಡುವಾಗ ನನಗೆ ಆ ಫೋಟೋಗಳೇ ನೆನಪಾಗುತ್ತವೆ.

ಹಂಚಿಕೊಳ್ಳುವ ಬಗ್ಗೆ ಒಂದು ಮಾತು. ಈ ಕ್ಯಾಮೆರಾದಲ್ಲಿ ಜಿಪಿಎಸ್ ಇಲ್ಲ. ಕೊಳ್ಳುವಾಗ ಕೊರತೆ ಅನ್ನಿಸಿತ್ತು, ಈಗ ಅದೇ ಒಳ್ಳೆಯದು. ಮೊಬೈಲಿನ ಫೋಟೋವನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿದರೆ ತೆಗೆದ ಜಾಗವೂ ಜೊತೆಗೆ ಹೋಗುತ್ತದೆ. ನಮ್ಮ ಕೆಲಸಕ್ಕೆ ಅದು ಬೇಡವೇ ಬೇಡ. ಪ್ರಯಾಣಿಕರ ಮುಖ, ಅವರ ಬಂಗಲೆ, ತೋಟ ಯಾವುದನ್ನೂ ನಾನು ಹಾಕುವುದಿಲ್ಲ.

ಬಾಳಿಕೆ? ಮುಂಬೈ ಉಪ್ಪುಗಾಳಿ ಯಾರನ್ನೂ ಬಿಟ್ಟಿಲ್ಲ. ಒಳಗೆ-ಹೊರಗೆ ಸರಿಯುವ ಲೆನ್ಸ್ ಕೊಳವೆ ಧೂಳನ್ನು ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರ್ ಮೇಲೆ ಧೂಳು ಕೂತರೆ ಲೆನ್ಸ್ ಬಿಚ್ಚಿ ಒರೆಸುವ ಹಾಗಿಲ್ಲ, ರಿಪೇರಿಗೇ ಕೊಡಬೇಕು. ನನ್ನದು ಒಮ್ಮೆ ಜೂಮ್ ಅರ್ಧಕ್ಕೆ ನಿಂತು ಹಟ ಹಿಡಿಯಿತು. ಬಜಾರಿನ ಹಳೇ ರಿಪೇರಿ ಮಾಸ್ತರರು ಒಳಗಿನ ತೆಳು ಕೇಬಲ್ ಬದಲಾಯಿಸಿ ಕೊಟ್ಟರು. ಮಳೆಗಾಲದಲ್ಲಿ ಬೂಷ್ಟು ಹಿಡಿಯದಿರಲಿ ಅಂತ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡುತ್ತೇನೆ. ಎಸಿ ಕೋಣೆಯಿಂದ ನೇರವಾಗಿ ಹೊರಗೆ ತಂದರೆ ಲೆನ್ಸ್ ಮೇಲೆ ಮಂಜು ಕಟ್ಟುತ್ತದೆ. ಸ್ವಲ್ಪ ಹೊತ್ತು ಚೀಲದಲ್ಲೇ ಬಿಡಿ, ಅವಸರ ಮಾಡಿ ಒರೆಸಬೇಡಿ.

ನೀವೂ ಇಂಥದ್ದೇ ಸೆಕೆಂಡ್ ಹ್ಯಾಂಡ್ ತಗೊಳ್ಳುವುದಾದರೆ ಅಂಗಡಿಯಲ್ಲೇ ಜೂಮನ್ನು ಪೂರ್ತಿ ಒಳಗೆ-ಹೊರಗೆ ಆಡಿಸಿ, ಕರಕರ ಸದ್ದು ಬಂದರೆ ವಾಪಸ್ ಕೊಡಿ. ಲೆನ್ಸಿನ ಕಿಂಡಿಯನ್ನು ಎಫ್/11ಕ್ಕೆ ಕಿರಿದು ಮಾಡಿ ಬಿಳಿ ಗೋಡೆಯ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ. ಕಪ್ಪು ಚುಕ್ಕೆ ಕಂಡರೆ ಅದು ಒಳಗಿನ ಧೂಳು. ಅಂಗಡಿಯವರು 'ಗೋಡೆಯದೇ ಕಲೆ' ಅಂತಾರೆ. ಇನ್ನೊಂದು ಗೋಡೆ ತೋರಿಸಿ ಅನ್ನಿ.