‘ಆನ್‌ಲೈನ್ ವ್ಯಾಪಾರ ತರಬೇತಿ’ ಅಂತ ಊರಿಗೆ ಯಾರಾದರೂ ಬಂದರೆ, ದುಡ್ಡು ಕೊಡೋ ಮುಂಚೆ ಇದನ್ನೊಮ್ಮೆ ಓದಿ

ಕಳೆದ ವಾರ ಪಕ್ಕದ ಊರಿನ ಸಂಘದ ಅಕ್ಕ ಒಬ್ಬರು ವಾಟ್ಸಾಪ್‌ನಲ್ಲಿ ಒಂದು ಫೋಟೋ ಕಳಿಸಿದರು. ಪಂಚಾಯಿತಿ ಎದುರಿನ ಬೇವಿನ ಮರಕ್ಕೆ ಕಟ್ಟಿದ ಬ್ಯಾನರ್. ‘ಮನೆಯಲ್ಲೇ ಕೂತು ತಿಂಗಳಿಗೆ 30,000 ಗಳಿಸಿ. ಗ್ರಾಮೀಣ ಮಹಿಳೆಯರಿಗೆ ಉಚಿತ ಆನ್‌ಲೈನ್ ವ್ಯಾಪಾರ ತರಬೇತಿ.’ ಕೆಳಗೆ, “ಇದು ಚಲೋ ಐತೇನ್ರಿ? ನಿಮಗ ಗೊತ್ತಿರ್ತದಂತ ಕೇಳಾಕತ್ತೇನಿ” ಅಂತ ಬರೆದಿದ್ದರು. ಸಂಸ್ಥೆಯ ಹೆಸರು ಬದಲಾಗಿತ್ತು. ಆದರೆ ಲ್ಯಾಪ್‌ಟಾಪ್ ಹಿಡಿದು ನಗುತ್ತಾ ನಿಂತಿರುವ ಸೀರೆಯ ಹೆಂಗಸು ಅವಳೇ. ನಮ್ಮೂರಲ್ಲಿ ನಾವು ಮೋಸಹೋದ ತರಬೇತಿಯ ಬ್ಯಾನರ್‌ನಲ್ಲೂ ಇದ್ದಳು.

ಒಬ್ಬರಿಗೆ ಫೋನಿನಲ್ಲಿ ಹೇಳಿ ಮುಗಿಸೋ ವಿಷಯ ಇದಲ್ಲ ಅನಿಸಿತು. ಸಂಸ್ಥೆಯ ಹೆಸರು ಹಾಕುತ್ತಿಲ್ಲ. ದೂರು ಇನ್ನೂ ನಡೆಯುತ್ತಿದೆ. ಹಾಕಿದರೂ ಏನು ಉಪಯೋಗ, ಅವರು ಹೆಸರು ಬದಲಿಸಿ ಆಗಿದೆ.

ನಮ್ಮದು ಗದಗ ಜಿಲ್ಲೆಯ ಒಂದು ಹಳ್ಳಿ. ನಾನು ಸಂಜೀವಿನಿ, ಅಂದರೆ ಹೆಣ್ಣುಮಕ್ಕಳ ಸ್ವಸಹಾಯ ಸಂಘಗಳ ಒಕ್ಕೂಟದಲ್ಲಿ ಲೆಕ್ಕ ಬರೆಯುವ ಎಂಬಿಕೆ (ಮುಖ್ಯ ಪುಸ್ತಕ ಬರಹಗಾರ್ತಿ). ನಮ್ಮ ಸಂಘದವರು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಅನ್ನೋ ಒಣ ಚಟ್ನಿ ಮಾಡಿ ಗದಗ, ಹುಬ್ಬಳ್ಳಿಯ ಖಾನಾವಳಿಗಳಿಗೆ ಕೊಡುತ್ತಾರೆ. ಲಾಭ ದೊಡ್ಡದಲ್ಲ. ಆದರೆ ವಾರಕ್ಕೊಮ್ಮೆ ಕೈಗೆ ನಾಲ್ಕು ಕಾಸು ಬರುತ್ತದೆ.

2024ರ ಸಂಕ್ರಾಂತಿ ಮುಗಿದ ಮೇಲೆ ಇಬ್ಬರು ಬಂದರು. ಒಬ್ಬರು ಬೆಂಗಳೂರು ಕಡೆಯ ಸರ್, ಇನ್ನೊಬ್ಬರು ಕಾರು ಓಡಿಸಿಕೊಂಡು ಬಂದ ಹುಡುಗ. ಮೊದಲು ನೇರ ನನ್ನ ಮನೆಗೇ ಬಂದರು, ಇದನ್ನು ಗಮನಿಸಿ. ‘ನಿಮ್ಮಂಥ ಓದಿದ ಹೆಣ್ಣುಮಕ್ಕಳು ಹಳ್ಳಿಯಲ್ಲಿ ಇರೋದೇ ಅಪರೂಪ ಮೇಡಂ’ ಅಂದರು. ಬಿಎ ಮಾಡಿ ಹತ್ತು ವರ್ಷ ಆಗಿತ್ತು, ಯಾರೂ ಹಾಗೆ ಅಂದಿರಲಿಲ್ಲ. ಚಹಾ ಮಾಡಿಕೊಟ್ಟೆ. ಸಮುದಾಯ ಭವನದ ಬೀಗದ ಕೈ ಕೂಡ ನಾನೇ ಇಸಿದುಕೊಂಡು ಬಂದು ಕೊಟ್ಟೆ.

ಮರುದಿನ ಐವತ್ತು ಅರವತ್ತು ಹೆಣ್ಣುಮಕ್ಕಳು ಸೇರಿದರು. ಬ್ಯಾನರ್‌ನಲ್ಲಿ ಸರ್ಕಾರಿ ಯೋಜನೆಗಳ ಹೆಸರು ಸಾಲಾಗಿ ಇದ್ದವು. ‘ಸರ್ಕಾರದವರು’ ಅಂತ ಅವರು ಬಾಯಿಬಿಟ್ಟು ಎಲ್ಲೂ ಹೇಳಲಿಲ್ಲ. ನಾವೇ ಅಂದುಕೊಂಡೆವು. ಅಧ್ಯಕ್ಷರಿಗೆ ಶಾಲು, ನನಗೂ ಶಾಲು, ಎಲ್ಲರಿಗೂ ಉಪ್ಪಿಟ್ಟು. ಆಮೇಲೆ ಮೊಬೈಲ್ ಪರದೆಯ ಫೋಟೋಗಳು ಗೋಡೆ ಮೇಲೆ ಬಂದವು: ಇವರ ಖಾತೆಗೆ 42,000, ಅವರ ಖಾತೆಗೆ 65,000. ಇವರೆಲ್ಲ ಏನು ಮಾರಿ ಗಳಿಸಿದರು ಅಂತ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಅವತ್ತು ಸರಿಯಾದ ಪ್ರಶ್ನೆ ಕೇಳಿದ್ದು ಒಬ್ಬರೇ. ಹಿಂದೆ ಗೋಡೆಗೆ ಒರಗಿ ಕೂತಿದ್ದ ನಮ್ಮ ದೊಡ್ಡವ್ವ. ಅರವತ್ತು ದಾಟಿದೆ, ಓದು ಬರಲ್ಲ. “ಎಲ್ಲಾ ಖರೆ ಸರ, ರೊಟ್ಟಿ ಮುರೀಲಾರ್ದಂಗ ಬೆಂಗಳೂರು ತನಕ ಹೆಂಗ ಹೋಗ್ತಾವ?” ಅಂದಳು. ಎಲ್ಲರೂ ನಕ್ಕರು. ಸರ್ ಕೂಡ ನಕ್ಕು, ‘ಅಮ್ಮ, ಅದೆಲ್ಲ ಅಡ್ವಾನ್ಸ್ ಮಾಡ್ಯೂಲ್‌ನಲ್ಲಿ ಬರುತ್ತೆ. ಮೊದಲು ಮೈಂಡ್‌ಸೆಟ್ ಬದಲಾಗಬೇಕು’ ಅಂದರು.

ಉಚಿತ ತರಬೇತಿ ಅಷ್ಟಕ್ಕೆ ಮುಗಿಯಿತು. ‘ನಿಜವಾದ’ ತರಬೇತಿ ಮೂರು ತಿಂಗಳಿನದು, ಫೀ 9,999, ಇವತ್ತೇ ಸೇರಿದರೆ 4,999. ಅಷ್ಟು ದುಡ್ಡು ಎಲ್ಲಿಂದ ತರೋದು ಅಂತ ಗುಸುಗುಸು ಶುರುವಾಯಿತು. ಅದಕ್ಕೂ ಉತ್ತರ ಸಿದ್ಧವಿತ್ತು. ‘ಗೃಹಲಕ್ಷ್ಮಿ ತಿಂಗಳಿಗೆ 2,000 ಬರ್ತಿದೆ ಅಲ್ವಾ? ಎರಡೂವರೆ ತಿಂಗಳ ದುಡ್ಡು ಅಷ್ಟೇ ಅಮ್ಮ.’ ನಮ್ಮ ಮನೆಗೆ ಎಷ್ಟು ಬರುತ್ತದೆ, ಯಾವಾಗ ಬರುತ್ತದೆ ಅಂತ ನಮಗಿಂತ ಚೆನ್ನಾಗಿ ಅವರಿಗೆ ಗೊತ್ತಿತ್ತು.

ಮೊದಲು ನಾನು ಕಟ್ಟಿದೆ. ನನ್ನನ್ನು ನೋಡಿ ಹತ್ತು ಜನ ಕಟ್ಟಿದರು. ಅದರಲ್ಲಿ ಆರು ಜನ ಸಂಘದಿಂದ ಆಂತರಿಕ ಸಾಲ ತೆಗೆದರು. ಸಾಲದ ಪುಸ್ತಕದಲ್ಲಿ ‘ಉದ್ದೇಶ: ತರಬೇತಿ’ ಅಂತ ಬರೆದವಳೂ ನಾನೇ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿದಾಗ ಸಂಸ್ಥೆಯ ಹೆಸರು ಬರಲಿಲ್ಲ, ಯಾವನೋ ಒಬ್ಬನ ಹೆಸರು ಬಂತು. ‘ಅಕೌಂಟ್ಸ್ ನೋಡಿಕೊಳ್ಳೋರು ಮೇಡಂ’ ಅಂದರು. ರಸೀದಿ ಮೇಲ್‌ಗೆ ಬರುತ್ತದೆ ಅಂದಿದ್ದರು. ಇವತ್ತಿನವರೆಗೂ ಬಂದಿಲ್ಲ.

ಒಂದು ವಾರದ ಮೇಲೆ ನನಗೆ ಫೋನ್ ಬಂತು. ನಾನಿನ್ನು ‘ತಾಲೂಕು ಕೋಆರ್ಡಿನೇಟರ್’ ಅಂತೆ. ನಾನು ಸೇರಿಸಿದ ಒಬ್ಬೊಬ್ಬರಿಗೂ 1,500 ರೂಪಾಯಿ, ಹತ್ತು ಜನಕ್ಕೆ 15,000. ಹೇಳೋಕೆ ನಾಚಿಕೆ ಆಗುತ್ತದೆ, ಆ ದುಡ್ಡು ಖಾತೆಗೆ ಬಿದ್ದಾಗ ನನಗೆ ಖುಷಿಯೇ ಆಯಿತು. ಯಾರಿಗೂ ಹೇಳಲಿಲ್ಲ. ಹದಿನೈದು ದಿನಕ್ಕೆ ಮತ್ತೆ ಫೋನ್. ಕೋಆರ್ಡಿನೇಟರ್ ಆದವರು ‘ಗೋಲ್ಡ್’ ಪ್ಲಾನ್ ತಗೊಳ್ಳಲೇಬೇಕು, ಅದಕ್ಕೆ 14,999. ಕಟ್ಟಿದೆ. ಬಂದಿದ್ದರಲ್ಲಿ ಉಳಿದದ್ದು ಒಂದು ರೂಪಾಯಿ.

ಹೀಗೆ ಜನರನ್ನು ಸೇರಿಸಿದ್ದಕ್ಕೇ ದುಡ್ಡು ಕೊಡುವ ಪಿರಮಿಡ್ ವ್ಯವಹಾರವನ್ನು 2021ರ ಡೈರೆಕ್ಟ್ ಸೆಲ್ಲಿಂಗ್ ನಿಯಮಗಳು ನಿಷೇಧಿಸಿವೆ. ದುಡ್ಡು ತಿರುಗಿಸುವ ಸ್ಕೀಮುಗಳ ವಿರುದ್ಧ 1978ರಿಂದಲೂ ಕಾಯ್ದೆ ಇದೆ. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ.

ಇನ್ನು ತರಬೇತಿ. ರಾತ್ರಿ ಎಂಟಕ್ಕೆ ಜೂಮ್ ಕ್ಲಾಸ್. ಹಳ್ಳಿಯಲ್ಲಿ ರಾತ್ರಿ ಎಂಟು ಅಂದರೆ ಒಲೆ ಮುಂದೆ ಇರುವ ಹೊತ್ತು. ನೆಟ್‌ವರ್ಕ್ ಬೇಕು ಅಂದರೆ ಮಾಳಿಗೆ ಹತ್ತಬೇಕು. ಮೊದಲ ನಾಲ್ಕು ವಾರ ಬರೀ ಮೈಂಡ್‌ಸೆಟ್. ಕನಸಿನ ಮನೆ, ಕಾರಿನ ಚಿತ್ರ ಕತ್ತರಿಸಿ ರಟ್ಟಿಗೆ ಅಂಟಿಸಿ ಫೋಟೋ ಕಳಿಸಿ ಅಂದರು. ನಮ್ಮವಳೊಬ್ಬಳು ಮನೆಯಲ್ಲಿ ಬೇರೆ ಚಿತ್ರ ಸಿಗದೆ ಬೀಜದ ಕಂಪನಿಯ ಕ್ಯಾಲೆಂಡರ್‌ನಿಂದ ಟ್ರ್ಯಾಕ್ಟರ್ ಕತ್ತರಿಸಿ ಅಂಟಿಸಿದಳು. ಆಮೇಲೆ ಬಂದದ್ದು ಹಳೇ ವಿಡಿಯೋಗಳು, ಅರ್ಧ ಹಿಂದಿ, ಅರ್ಧ ಇಂಗ್ಲಿಷ್. ಸುಳ್ಳು ಹೇಳಬಾರದು, ಒಂದು ವಿಡಿಯೋ ಮಾತ್ರ ಚೆನ್ನಾಗಿತ್ತು. ಸಾಮಾನನ್ನು ಕಿಟಕಿ ಬೆಳಕಿನಲ್ಲಿಟ್ಟು ಫೋಟೋ ತೆಗೆಯೋದು ಹೇಗೆ ಅಂತ. ಅದು ಯೂಟ್ಯೂಬ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅವರ ವಾಟ್ಸಾಪ್ ಗುಂಪಿನಲ್ಲಿ ಪ್ರಶ್ನೆ ಕೇಳೋಣ ಅಂದರೆ ಅಡ್ಮಿನ್ ಬಿಟ್ಟು ಬೇರೆಯವರು ಮೆಸೇಜ್ ಹಾಕುವ ಹಾಗಿರಲಿಲ್ಲ.

ಎರಡನೇ ತಿಂಗಳು ‘ದಾಖಲೆ ಕೆಲಸ’ ಅಂತ ಶುರುವಾಯಿತು. ದೊಡ್ಡ ಏಟು ಬಿದ್ದದ್ದು ಇಲ್ಲಿ, ಸ್ವಲ್ಪ ನಿಧಾನವಾಗಿ ಓದಿ.

ಉದ್ಯಮ್ ಸರ್ಟಿಫಿಕೇಟ್, ಅಂದರೆ ಸಣ್ಣ ಉದ್ಯಮದ ಸರ್ಕಾರಿ ನೋಂದಣಿ ಪತ್ರ, ಅಂತ ಹನ್ನೊಂದು ಜನರಿಂದಲೂ 999 ತಗೊಂಡರು. ಆಧಾರ್, ಪ್ಯಾನ್, ಪಾಸ್‌ಬುಕ್ ಫೋಟೋ ಕಳಿಸಿ ಅಂದರು. ಒಟಿಪಿ ಕೂಡ ಫೋನಿನಲ್ಲೇ ಕೇಳಿ ಬರೆದುಕೊಂಡರು. ಉದ್ಯಮ್ ನೋಂದಣಿ ಪೂರ್ತಿ ಉಚಿತ. ಸರ್ಕಾರದ ಪೋರ್ಟಲ್‌ನಲ್ಲಿ ಆಧಾರ್ ಒಟಿಪಿ ಹಾಕಿ ನೀವೇ ಮಾಡಿಕೊಳ್ಳಬಹುದು, ಒಂದು ರೂಪಾಯಿಯೂ ಖರ್ಚಿಲ್ಲ.

ಆಮೇಲೆ ಜಿಎಸ್‌ಟಿ. ‘ಆನ್‌ಲೈನ್‌ನಲ್ಲಿ ಮಾರಬೇಕು ಅಂದರೆ ಕಡ್ಡಾಯ’ ಅಂತ ಮೂರು ಜನರಿಂದ ತಲಾ 2,500 ತಗೊಂಡು ಮಾಡಿಸಿದರು. ಸರ್ಕಾರಕ್ಕೆ ಇದಕ್ಕೂ ಯಾವ ಫೀ ಇಲ್ಲ. ಕಡ್ಡಾಯ ಅನ್ನೋದೂ ಅರ್ಧ ಸತ್ಯ. ವರ್ಷದ ವಹಿವಾಟು ಮಿತಿಯೊಳಗೆ ಇರುವ ಸಣ್ಣ ವ್ಯಾಪಾರಿಗಳು ತಮ್ಮ ರಾಜ್ಯದ ಒಳಗಷ್ಟೇ ಸಾಮಾನು ಮಾರುವುದಾದರೆ, ಜಿಎಸ್‌ಟಿ ನೋಂದಣಿ ಇಲ್ಲದೆ, ಒಂದು ಎನ್‌ರೋಲ್‌ಮೆಂಟ್ ಸಂಖ್ಯೆ ತಗೊಂಡು ಆನ್‌ಲೈನ್ ಕಂಪನಿಗಳ ಮೂಲಕ ಮಾರಬಹುದು. 2023ರ ಅಕ್ಟೋಬರ್ 1ರಿಂದಲೇ ಈ ಅವಕಾಶ ಇದೆ. ನಮ್ಮ ರೊಟ್ಟಿ ಹುಬ್ಬಳ್ಳಿ, ಬೆಂಗಳೂರು ದಾಟಿ ಎಲ್ಲಿಗೆ ಹೋಗಬೇಕಿತ್ತು ಹೇಳಿ?

ಜಿಎಸ್‌ಟಿ ಮಾಡಿಸಿದ ಮೇಲೆ ವ್ಯಾಪಾರ ಆಗಲಿ ಬಿಡಲಿ, ರಿಟರ್ನ್ ತುಂಬಲೇಬೇಕು. ಇದನ್ನು ಯಾರೂ ಹೇಳಲಿಲ್ಲ. ಲಾಗಿನ್, ಪಾಸ್‌ವರ್ಡ್, ಮೇಲ್, ಮೊಬೈಲ್ ನಂಬರ್ ಎಲ್ಲ ಅವರದ್ದೇ ಹಾಕಿದ್ದರು. ಶೂನ್ಯ ವ್ಯಾಪಾರದ ಮಾಸಿಕ ರಿಟರ್ನ್ ತಡವಾದರೂ ದಿನಕ್ಕೆ 20 ರೂಪಾಯಿ ದಂಡ, ಒಂದು ರಿಟರ್ನ್‌ಗೆ 500ರವರೆಗೆ. ತಿಂಗಳಾನುಗಟ್ಟಲೆ ಹಾಗೇ ಬಿದ್ದಿತ್ತು. ಒಬ್ಬಳ ಗಂಡ ಗದಗಿನ ಟ್ಯಾಕ್ಸ್ ಪ್ರಾಕ್ಟೀಷನರ್ ಹತ್ತಿರ ಬೇರೆ ಕೆಲಸಕ್ಕೆ ಹೋದಾಗ ಸಂಗತಿ ಹೊರಗೆ ಬಂತು. ಒಂದು ಪ್ಯಾಕೆಟ್ ಹಿಂಡಿಯನ್ನೂ ಆನ್‌ಲೈನ್‌ನಲ್ಲಿ ಮಾರದ ಹೆಂಗಸು ಸರ್ಕಾರಕ್ಕೆ ದಂಡ ಕಟ್ಟಿದಳು. ನೋಂದಣಿ ರದ್ದು ಮಾಡಿಸಿದ ಮೇಲೂ ಕೊನೆಯ ರಿಟರ್ನ್ ಅಂತ ಒಂದು ತುಂಬಬೇಕು, ಅದನ್ನು ಮರೆಯಬೇಡಿ. ನಿಮ್ಮ ಹೆಸರಿನ ಜಿಎಸ್‌ಟಿ ಬೇರೆಯವರ ಕೈಯಲ್ಲಿ ಇದ್ದರೆ ಅದರ ಮೇಲೆ ಸುಳ್ಳು ಬಿಲ್ ಮಾಡಬಹುದು ಅಂತಲೂ ಆ ಪ್ರಾಕ್ಟೀಷನರ್ ಹೇಳಿದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಷ್ಟರಲ್ಲಿ ಒಂದೇ ಒಂದು ಆರ್ಡರ್ ಬಂದಿತ್ತು, ಅದೂ ನಮ್ಮ ನೆಂಟರ ಹುಡುಗ ಬೆಂಗಳೂರಿನಿಂದ ಮಾಡಿದ್ದು. ಇಪ್ಪತ್ತು ರೊಟ್ಟಿ. ತೂಕ ಒಂದು ಕಿಲೋ ಕೂಡ ಇರಲಿಲ್ಲ. 30 ಸೆಂಟಿಮೀಟರ್ ಉದ್ದ, 30 ಅಗಲ, 20 ಎತ್ತರದ ರಟ್ಟಿನ ಡಬ್ಬಿಯಲ್ಲಿ ಸುತ್ತಲೂ ಪೇಪರ್ ತುರುಕಿ ಕಳಿಸಿದೆವು. ಕೊರಿಯರ್‌ನವರು ಮೂರೂ ಅಳತೆ ಗುಣಿಸಿ 5,000ದಿಂದ ಭಾಗಿಸಿ 3.6 ಕಿಲೋ ಅಂತ ಬಿಲ್ ಮಾಡಿದರು. ಹಗುರ ಇದ್ದು ಜಾಗ ಜಾಸ್ತಿ ತಿನ್ನುವ ಸಾಮಾನಿಗೆ ಅವರ ಲೆಕ್ಕವೇ ಹಾಗೆ. ರೊಟ್ಟಿಗಿಂತ ಕಳಿಸಿದ ಖರ್ಚೇ ಜಾಸ್ತಿ ಆಯಿತು. ಮೂರು ದಿನದ ಮೇಲೆ ಹುಡುಗ ಫೋಟೋ ಕಳಿಸಿದ. ಹದಿಮೂರು ಚೂರು ಚೂರು. ‘ಪರವಾಗಿಲ್ಲ ಅಕ್ಕ, ಮೊಸರಲ್ಲಿ ಕಲಸಿಕೊಂಡು ತಿಂದೆ’ ಅಂದ.

ದೊಡ್ಡವ್ವನಿಗೆ ಆ ಫೋಟೋ ತೋರಿಸಿದೆ. ಅವಳು ನಗಲಿಲ್ಲ.

ಮೇ ಹೊತ್ತಿಗೆ ಗುಂಪಿನಿಂದ ಅಡ್ಮಿನ್‌ಗಳೇ ಹೊರಗೆ ಹೋದರು. ಫೋನ್ ಮಾಡಿದರೆ ರಿಂಗ್ ಆಗುತ್ತದೆ, ಎತ್ತಲ್ಲ. ನಾನು ಕೂತು ಲೆಕ್ಕ ಹಾಕಿದೆ. ಫೀ 54,989. ನನ್ನ ಗೋಲ್ಡ್ 14,999. ಉದ್ಯಮ್ 10,989. ಜಿಎಸ್‌ಟಿ 7,500. ಒಟ್ಟು 88,477. ಕಮಿಷನ್ ಅಂತ ಬಂದ 15,000 ಕಳೆದರೂ 73,477 ಊರಿಂದ ಹೋಗಿದೆ. ಅವರ ವ್ಯಾಪಾರದಲ್ಲಿ ಮಾರಾಟ ಆದ ಸರಕು ತರಬೇತಿ ಒಂದೇ, ಕೊಂಡವರು ನಾವೇ, ಮಾರಿಕೊಟ್ಟವಳು ನಾನು.

ಜಿಲ್ಲೆಯ ಸಿಇಎನ್ ಠಾಣೆಗೆ, ಅಂದರೆ ಸೈಬರ್, ಆರ್ಥಿಕ, ಮಾದಕ ವಸ್ತು ಅಪರಾಧಗಳ ಪೊಲೀಸ್ ಠಾಣೆಗೆ ಹೋದೆವು. ಅಲ್ಲಿಯವರು ಸಮಾಧಾನದಿಂದಲೇ ಕೇಳಿದರು. ಆದರೆ ‘ವಿಡಿಯೋ ಕೊಟ್ಟಿದ್ದಾರಲ್ಲಮ್ಮ, ತರಬೇತಿ ಕೊಟ್ಟೇ ಇಲ್ಲ ಅನ್ನೋಕೆ ಆಗಲ್ಲ’ ಅನ್ನೋ ಮಾತು ಬಂತು. ದುಡ್ಡು ಹೋದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ದರೆ ಖಾತೆಯಲ್ಲೇ ತಡೆಹಿಡಿಯೋ ಸಾಧ್ಯತೆ ಇರುತ್ತಿತ್ತು, ನಾವು ಹೋಗಿದ್ದು ನಾಲ್ಕು ತಿಂಗಳ ಮೇಲೆ. 1915, ಅಂದರೆ ಗ್ರಾಹಕರ ಸಹಾಯವಾಣಿಗೆ ದೂರು ಕೊಟ್ಟ ಮೇಲೆ ನಾಲ್ಕು ಜನಕ್ಕೆ ತಲಾ 2,000 ವಾಪಸ್ ಬಂತು. ಉಳಿದವರದ್ದು ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಇದೆ. ಅಲ್ಲಿ 5 ಲಕ್ಷದೊಳಗಿನ ವ್ಯವಹಾರದ ದೂರಿಗೆ ಫೀ ಇಲ್ಲ. ನಮ್ಮ ಹತ್ತಿರ ಸಾಕ್ಷಿ ಅಂತ ಇರೋದು ಯುಪಿಐ ಪಾವತಿಯ ದಾಖಲೆ, ವಾಟ್ಸಾಪ್ ಮೆಸೇಜು ಮಾತ್ರ. ಅಡ್ಮಿನ್‌ಗಳು ಹೋದರು ಅಂತ ಸಿಟ್ಟಿನಲ್ಲಿ ಗುಂಪು ಡಿಲೀಟ್ ಮಾಡಿದವರ ಹತ್ತಿರ ಅದೂ ಇಲ್ಲ.

ಹಾಗಂತ ಕಲಿಯೋಕೆ ಜಾಗವೇ ಇಲ್ಲ ಅಂತಲ್ಲ. ಬೇಜಾರಾಗೋದೇ ಅಲ್ಲಿ. ಲೀಡ್ ಬ್ಯಾಂಕ್‌ಗಳು ಜಿಲ್ಲೆಗೊಂದರಂತೆ ನಡೆಸುವ ಆರ್‌ಸೆಟಿ ಇದೆ, ಹಳ್ಳಿಯವರಿಗೆ ಸ್ವಂತ ಉದ್ಯೋಗ ಕಲಿಸುವ ಕೇಂದ್ರ. 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟಿ ಅನ್ನೋ ಅಂಥದೇ ಸಂಸ್ಥೆ ನೋಡಿಯೇ ದೇಶದ ತುಂಬ ಇವನ್ನು ಮಾಡಿದ್ದು. ಹಪ್ಪಳ, ಉಪ್ಪಿನಕಾಯಿ, ಮಸಾಲೆ ಪುಡಿಗೆ ಹತ್ತು ದಿನದ ತರಬೇತಿ ಇದೆ. ಊಟ, ವಸತಿ ಸೇರಿ ಪೂರ್ತಿ ಉಚಿತ. ನಮ್ಮ ಸಂಘದ ಇಬ್ಬರು ಆಮೇಲೆ ಹೋಗಿ ಬಂದರು. ಅವರಿಗೆ ಕನಸಿನ ರಟ್ಟು ಅಂಟಿಸಿ ಅಂತ ಯಾರೂ ಹೇಳಲಿಲ್ಲ. ಒಂದು ಕಿಲೋ ಹಿಂಡಿಗೆ ಶೇಂಗಾ, ಎಣ್ಣೆ, ಗ್ಯಾಸ್, ನಿಮ್ಮ ಕೂಲಿ ಎಷ್ಟು ಅಂತ ಬರೆಸಿದರಂತೆ. ಕೂಲಿ ಹಾಕಿ ನೋಡಿದರೆ ನಾವು ಇಷ್ಟು ದಿನ ನಷ್ಟಕ್ಕೇ ಮಾರುತ್ತಿದ್ದೆವು. ಆಹಾರ ಮಾರೋಕೆ ಬೇಕಾದ ಎಫ್‌ಎಸ್‌ಎಸ್‌ಎಐ ಸಣ್ಣ ನೋಂದಣಿಯನ್ನೂ ಅವರೇ ತೋರಿಸಿಕೊಟ್ಟರು. ನಾವು ಮಾಡಿಸಿದಾಗ ವರ್ಷಕ್ಕೆ 100 ರೂಪಾಯಿ. ನಾವು ವಿಚಾರಿಸಿದಾಗ ಯಂತ್ರ ತಗೊಳ್ಳೋರಿಗೆ ಪಿಎಂಎಫ್‌ಎಂಇ ಅಂತ ಸಣ್ಣ ಆಹಾರ ಉದ್ಯಮಗಳಿಗೆ ನೆರವಾಗುವ ಕೇಂದ್ರದ ಯೋಜನೆ ಇತ್ತು. ಅದರ ಅರ್ಜಿ ತುಂಬಿಕೊಡೋಕೆ ಜಿಲ್ಲೆಯಲ್ಲಿ ಸಂಪನ್ಮೂಲ ವ್ಯಕ್ತಿಗಳು ಇದ್ದರು, ಈಗಲೂ ಇದೆಯಾ ಅಂತ ಕೃಷಿ ಇಲಾಖೆಯಲ್ಲಿ ಕೇಳಿ ನೋಡಿ. ಮೀಶೋ, ಅಮೆಜಾನ್‌ನಲ್ಲಿ ಮಾರಾಟಗಾರರಾಗಿ ಹೆಸರು ಹಾಕಿಸೋಕೂ ದುಡ್ಡಿಲ್ಲ.

ಈಗ ನಾವು ರೊಟ್ಟಿಯನ್ನು ದೂರ ಕಳಿಸಲ್ಲ. ಹಿಂಡಿ, ಚಟ್ನಿಪುಡಿ ಮಾತ್ರ ಕಳಿಸುತ್ತೇವೆ. ಅದು ಮುರಿಯಲ್ಲ, ಡಬ್ಬಿಯೂ ಸಣ್ಣದು. ವಾಟ್ಸಾಪ್ ಬಿಸಿನೆಸ್‌ನಲ್ಲಿ ಫೋಟೋ ಹಾಕಿದ್ದೇವೆ. ಕಿಟಕಿ ಬೆಳಕಿನಲ್ಲಿ ತೆಗೆದದ್ದೇ.

ಪಕ್ಕದ ಊರಿನ ಅಕ್ಕನಿಗೆ ಅವತ್ತೇ ಫೋನ್ ಮಾಡಿ ಎಲ್ಲ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೀಗದ ಕೈ ನಾನ ಕೊಟ್ಟೇನ್ರಿ” ಅಂದರು. ಅವರೂ ಅಲ್ಲಿಯ ಎಂಬಿಕೆ.

ಹತ್ತು ಜನರ 1,500 ನಾನು ಗೌರವಧನದಲ್ಲಿ ಉಳಿಸಿ ಒಬ್ಬೊಬ್ಬರಿಗಾಗಿ ವಾಪಸ್ ಕೊಡುತ್ತಿದ್ದೇನೆ. ಕಮಿಷನ್ ಸಂಗತಿ ಸಂಘದ ಸಭೆಯಲ್ಲಿ ಹೇಳಿದ ದಿನ ಇಬ್ಬರು ಎದ್ದು ಹೋಗಿದ್ದರು, ಅವರಿಗೇ ಮೊದಲು ಕೊಟ್ಟೆ. ಒಬ್ಬಳು ಈಗ ಮಾತಾಡುತ್ತಾಳೆ. ಇನ್ನೊಬ್ಬಳು ಸಾಲದ ಕಂತು ಕಟ್ಟೋಕೆ ಬಂದರೂ ದುಡ್ಡು ಮೇಜಿನ ಮೇಲಿಟ್ಟು, ಸಹಿ ಹಾಕಿ ಹೋಗುತ್ತಾಳೆ.