ದೋಣಿಯ ಜಿಪಿಎಸ್‌ಗೆ ಯಾವ ಸಾಫ್ಟ್‌ವೇರ್? ನನ್ನ ಓಟು ಓಪನ್‌ಸಿಪಿಎನ್‌ಗೆ

ದೋಣಿ ಎಲ್ಲಿದೆ ಅಂತ ಸಮುದ್ರದ ನಕ್ಷೆಯ (ಚಾರ್ಟ್) ಮೇಲೆ ತೋರಿಸುವ ಮೂರು ಸಾಫ್ಟ್‌ವೇರ್‌ಗಳು: ದುಡ್ಡು ಕೊಟ್ಟು ತಂದ ಒಂದು ದೊಡ್ಡ ಪ್ಯಾಕೇಜ್, ಟ್ಯಾಬ್‌ನಲ್ಲಿ ವರ್ಷದ ಚಂದಾ ಕಟ್ಟಿ ಓಡಿಸುವ ಒಂದು ಆ್ಯಪ್, ಆಮೇಲೆ ಪುಕ್ಕಟೆ ಸಿಗುವ ಓಪನ್‌ಸಿಪಿಎನ್. ಮೂರನ್ನೂ ಒಂದೇ ದೋಣಿಯಲ್ಲಿ ಬಳಸಿ ನೋಡಿದ್ದೇನೆ. ಈಗ ಚುಕ್ಕಾಣಿ ಪಕ್ಕದ ಲ್ಯಾಪ್‌ಟಾಪ್‌ನಲ್ಲಿ ಉಳಿದಿರುವುದು ಓಪನ್‌ಸಿಪಿಎನ್ ಒಂದೇ.

ರೂಟ್ ಹಾಕುವುದು, ದಾರಿಯ ನಡುವಿನ ಜಾಗ (ವೇಪಾಯಿಂಟ್) ಗುರುತಿಸುವುದು, ಬಂದ ದಾರಿ ಉಳಿಸಿಕೊಳ್ಳುವುದು ಎಲ್ಲದರಲ್ಲೂ ಇದೆ. ಅದನ್ನು ಬಿಡೋಣ. ನಾನು ನೋಡುವುದು ಒಂದೇ ವಿಷಯ: ಜಿಪಿಎಸ್‌ನಿಂದ ಮಾಹಿತಿ ಬರುವುದು ನಿಂತಾಗ ಈ ಸಾಫ್ಟ್‌ವೇರ್ ನನಗೆ ಏನು ತೋರಿಸುತ್ತದೆ?

ದೋಣಿಯ ಜಿಪಿಎಸ್ ಈಗಲೂ ಎಷ್ಟೋ ಕಡೆ ಎನ್‌ಎಂಇಎ 0183 ಅನ್ನುವ ಹಳೇ ಪದ್ಧತಿಯಲ್ಲೇ ಮಾತಾಡುತ್ತದೆ. ಅದರಲ್ಲಿ ಮಾಹಿತಿ ಹರಿಯುವ ವೇಗ ಸಾಮಾನ್ಯವಾಗಿ 4800 ಬಾಡ್ (ಬಾಡ್ ಅಂದರೆ ಆ ವೇಗದ ಅಳತೆ). ಪಕ್ಕದಲ್ಲಿ ಹಡಗುಗಳನ್ನು ತೋರಿಸುವ ಎಐಎಸ್ ರಿಸೀವರ್ ಇದ್ದರೆ ಅದರದು 38400. ಎರಡನ್ನೂ ಯುಎಸ್‌ಬಿ ಅಡಾಪ್ಟರ್ ಹಾಕಿ ವಿಂಡೋಸ್ ಲ್ಯಾಪ್‌ಟಾಪ್‌ಗೆ ಸಿಕ್ಕಿಸಿದರೆ ಒಂದೊಂದಕ್ಕೂ ಒಂದೊಂದು ಕಾಮ್ ಪೋರ್ಟ್ (ಮಾಹಿತಿ ಒಳಬರುವ ಬಾಗಿಲು) ನಂಬರ್ ಬರುತ್ತದೆ. ಎಷ್ಟೋ ಅಡಾಪ್ಟರ್‌ಗಳಲ್ಲಿ ಇವತ್ತು ಎಡಗಡೆ ಸಿಕ್ಕಿಸಿದ್ದನ್ನು ನಾಳೆ ಬಲಗಡೆ ಸಿಕ್ಕಿಸಿದರೆ ನಂಬರೇ ಬೇರೆ. ಮೇಲಾಗಿ ಒಂದು ಪೋರ್ಟನ್ನು ಒಂದು ಹೊತ್ತಿಗೆ ಒಂದೇ ಪ್ರೋಗ್ರಾಂ ತೆರೆಯಬಹುದು.

ನನ್ನ ದುಬಾರಿ ಪ್ಯಾಕೇಜ್ ಎಡವುತ್ತಿದ್ದದ್ದು ಇಲ್ಲೇ. ತೆರೆದ ಕೂಡಲೇ ಅದು ಪೋರ್ಟ್‌ಗಳನ್ನು ತಾನೇ ಹುಡುಕಿ, ಮೊದಲು ಸಿಕ್ಕಿದ್ದನ್ನು ಹಿಡಿದುಕೊಂಡು ಕೂತುಬಿಡುತ್ತಿತ್ತು. ಸಿಕ್ಕಿದ್ದು ಎಐಎಸ್ ಪೋರ್ಟ್ ಆಗಿದ್ದರೆ ವೇಗ ಹೊಂದುತ್ತಿರಲಿಲ್ಲ. ‘ಜಿಪಿಎಸ್ ಸಿಗಲಿಲ್ಲ’ ಅಂತ ಒಂದು ಸಾಲು ಬರುತ್ತಿತ್ತು, ಅಷ್ಟೇ. ವೈರ್ ಬಿಟ್ಟಿದೆಯಾ? ಆಂಟೆನಾ ಹೋಗಿದೆಯಾ? ಅಡಾಪ್ಟರ್ ಕೈಕೊಟ್ಟಿದೆಯಾ? ಮೂರಕ್ಕೂ ಅದೇ ಸಾಲು. ಬೇರೆ ಪ್ರೋಗ್ರಾಂನಲ್ಲಿ ಪೋರ್ಟ್ ನೋಡೋಣ ಅಂದರೆ ಇದು ಬಿಟ್ಟುಕೊಡುವುದಿಲ್ಲ. ಮೊದಲು ಇದನ್ನೇ ಮುಚ್ಚಬೇಕು. ಬಂದರಿನ ಬಾಯಲ್ಲಿ, ಗಾಳಿ ಪಕ್ಕದಿಂದ ಹೊಡೆಯುತ್ತಿರುವಾಗ, ಒಂದು ಕೈಲಿ ಚುಕ್ಕಾಣಿ ಹಿಡಿದು ಇನ್ನೊಂದು ಕೈಲಿ ಈ ಕೆಲಸ ಆಗುತ್ತದಾ? ಸಹಾಯವಾಣಿಗೆ ಬರೆದರೆ ಬಂದ ಉತ್ತರ, ಮತ್ತೆ ಇನ್‌ಸ್ಟಾಲ್ ಮಾಡಿ ಅಂತ.

ಓಪನ್‌ಸಿಪಿಎನ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಕನೆಕ್ಷನ್ಸ್ ಅಂತ ಒಂದು ಪುಟ ಇದೆ. ಯಾವ ಪೋರ್ಟ್, ಯಾವ ವೇಗ ಅನ್ನುವುದನ್ನು ನಾವೇ ಹೇಳುತ್ತೇವೆ. ಮೊದಲ ದಿನ ಸ್ವಲ್ಪ ಕಿರಿಕಿರಿ, ನಿಜ. ಆದರೆ ಅದೇ ಪುಟದಿಂದ ಬಂದ ಮಾಹಿತಿಯನ್ನು ಇದ್ದ ಹಾಗೇ ತೋರಿಸುವ ಒಂದು ಕಿಟಕಿ ತೆರೆಯಬಹುದು. ಅದೊಂದಕ್ಕೇ ನಾನು ಈ ಸಾಫ್ಟ್‌ವೇರ್ ಬಿಡುವುದಿಲ್ಲ. ಡಾಲರ್ ಚಿಹ್ನೆಯಿಂದ ಶುರುವಾಗುವ ಸಾಲುಗಳು ಒಂದರ ಮೇಲೊಂದು ಓಡುತ್ತವೆ. ಜಿಪಿಆರ್‌ಎಂಸಿ (GPRMC) ಅಂತ ಶುರುವಾಗುವ ಸಾಲನ್ನು ನೋಡಿ. ಮೊದಲು ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯ. ಆಮೇಲೆ ಒಂದೇ ಒಂದು ಅಕ್ಷರ. ಅದು ‘ಎ’ (A) ಆಗಿದ್ದರೆ ಜಿಪಿಎಸ್‌ಗೆ ಜಾಗ ಗೊತ್ತಾಗಿದೆ. ‘ವಿ’ (V) ಆಗಿದ್ದರೆ ಇನ್ನೂ ಇಲ್ಲ. ಮುಂದೆ ಅಕ್ಷಾಂಶ: 3512.456 ಅಂತಿದ್ದರೆ 35 ಡಿಗ್ರಿ 12.456 ಮಿನಿಟ್. ಹಾಗೇ ರೇಖಾಂಶ, ನಾಟ್ ಲೆಕ್ಕದಲ್ಲಿ ದೋಣಿಯ ವೇಗ, ಹೋಗುತ್ತಿರುವ ದಿಕ್ಕು, ತಾರೀಕು.

ಇಷ್ಟು ಓದಲು ಬಂದರೆ ಸಾಕು, ಕಾಯಿಲೆ ಎಲ್ಲಿದೆ ಅಂತ ಗೊತ್ತಾಗುತ್ತದೆ. ಸಾಲು ಬರುತ್ತಿದೆ, ಆದರೆ ‘ವಿ’ ಅಂತಿದೆಯಾ? ವೈರ್ ಸರಿ ಇದೆ, ಆಂಟೆನಾ ನೋಡಿ. ಸಾಲೇ ಇಲ್ಲವಾ? ವೈರ್ ಅಥವಾ ಪೋರ್ಟ್ ನಂಬರ್ ನೋಡಿ. ಅರ್ಥವಿಲ್ಲದ ಗೀಚುಗೀಚು ಅಕ್ಷರ ಬರುತ್ತಿದೆಯಾ? ಹೆಚ್ಚಾಗಿ ಬಾಡ್ ವೇಗ ತಪ್ಪಾಗಿ ಹಾಕಿರುತ್ತೀರಿ. ನಮ್ಮ ದೋಣಿಯಲ್ಲಿ ಉಪ್ಪುಗಾಳಿಗೆ ಹಸಿರುಗಟ್ಟಿದ ಒಂದು ವೈರ್ ತುದಿ ಸಿಕ್ಕಿದ್ದು ಹೀಗೇ. ದೋಣಿ ಅಲುಗಿದಾಗಲೆಲ್ಲ ಸಾಲುಗಳು ನಿಂತು ನಿಂತು ಬರುತ್ತಿದ್ದವು.

ಇನ್ನೊಂದು ಕಾಟ ಇದೆ. ಅದು ಯಾವ ನ್ಯಾವಿಗೇಶನ್ ಸಾಫ್ಟ್‌ವೇರ್‌ನ ತಪ್ಪೂ ಅಲ್ಲ. ಜಿಪಿಎಸ್ ಸಿಕ್ಕಿಸಿಟ್ಟು ಲ್ಯಾಪ್‌ಟಾಪ್ ಆನ್ ಮಾಡಿದರೆ, ಬರುವ ಮಾಹಿತಿಯನ್ನು ಹಳೇ ಕಾಲದ ಸೀರಿಯಲ್ ಮೌಸ್ ಅಂತ ವಿಂಡೋಸ್ ತಿಳಿಯುವುದುಂಟು. ಆಗ ಬಾಣದ ಗುರುತು ಪರದೆ ತುಂಬ ಕುಣಿಯುತ್ತದೆ, ತಾನೇ ಕ್ಲಿಕ್ ಮಾಡುತ್ತದೆ. ಡಿವೈಸ್ ಮ್ಯಾನೇಜರ್‌ನಲ್ಲಿ ಮೌಸ್ ಪಟ್ಟಿಯೊಳಗೆ ಸೀರಿಯಲ್ ಬಾಲ್‌ಪಾಯಿಂಟ್ ಅಂತ ಕಾಣುತ್ತದೆ. ಅದನ್ನು ಡಿಸೇಬಲ್ ಮಾಡಿ. ಅನ್‌ಇನ್‌ಸ್ಟಾಲ್ ಮಾಡಿದರೆ ಮತ್ತೆ ಬರುತ್ತದೆ. ಇಲ್ಲಾಂದ್ರೆ ಲ್ಯಾಪ್‌ಟಾಪ್ ಪೂರ್ತಿ ಆನ್ ಆದ ಮೇಲೆ ಜಿಪಿಎಸ್ ಸಿಕ್ಕಿಸಿ.

ದೋಣಿಯಲ್ಲಿ ವೈಫೈ ಗೇಟ್‌ವೇ ಇದ್ದರೆ ಈ ಪೋರ್ಟ್ ರಗಳೆ ಬಹುಪಾಲು ಇಲ್ಲ. ಮಾಹಿತಿ ನೆಟ್‌ವರ್ಕ್‌ನಲ್ಲಿ ಬರುತ್ತದೆ, ಲ್ಯಾಪ್‌ಟಾಪ್ ಮತ್ತು ಟ್ಯಾಬ್ ಎರಡೂ ಒಟ್ಟಿಗೆ ಕೇಳಿಸಿಕೊಳ್ಳಬಹುದು. ಹೊಸದಾಗಿ ವೈರಿಂಗ್ ಮಾಡಿಸುವವರು ಇದನ್ನೇ ಹಾಕಿಸಿ.

ಚಾರ್ಟ್ ವಿಷಯದಲ್ಲಿ ಪ್ಯಾಕೇಜ್ ಚಂದ, ಒಪ್ಪುತ್ತೇನೆ. ಬಣ್ಣ, ಅಕ್ಷರ, ಆಳದ ನೆರಳು ಎಲ್ಲ ಕಣ್ಣಿಗೆ ಹಿತ. ಆದರೆ ಅದರ ಚಾರ್ಟ್ ಅದರಲ್ಲೇ ಓಡಬೇಕು. ಓಪನ್‌ಸಿಪಿಎನ್ ಎಸ್-57 ಅನ್ನುವ ಅಂತರರಾಷ್ಟ್ರೀಯ ಮಾದರಿಯ ವೆಕ್ಟರ್ ಚಾರ್ಟನ್ನು (ಫೋಟೋ ಅಲ್ಲ, ಗೆರೆ-ಗುರುತುಗಳ ಮಾಹಿತಿಯಿಂದ ಬಿಡಿಸುವ ನಕ್ಷೆ) ನೇರವಾಗಿ ಓದುತ್ತದೆ. ಅಮೆರಿಕ ಸರ್ಕಾರದ ಸಾಗರ-ಹವಾಮಾನ ಸಂಸ್ಥೆ ನೋವಾದಂಥವು ತಮ್ಮ ನೀರಿನ ಚಾರ್ಟನ್ನು ಪುಕ್ಕಟೆಯಾಗಿಯೇ ಕೊಡುತ್ತವೆ. ಉಳಿದ ಎಷ್ಟೋ ಕಡೆಯ ಚಾರ್ಟನ್ನು ದುಡ್ಡು ಕೊಟ್ಟು ಕೊಂಡು, ಪ್ಲಗಿನ್ (ಸಾಫ್ಟ್‌ವೇರ್‌ಗೆ ಸೇರಿಸುವ ಹೆಚ್ಚುವರಿ ತುಂಡು) ಹಾಕಿ ನೋಡಬೇಕು.

ಯಾವುದೇ ವೆಕ್ಟರ್ ಚಾರ್ಟ್‌ನಲ್ಲಿ ಒಂದು ಅಪಾಯ ಇದ್ದೇ ಇದೆ. ದೂರಕ್ಕೆ ಝೂಮ್ ಮಾಡಿದಾಗ ಸಣ್ಣ ವಿವರಗಳು ಮಾಯವಾಗುತ್ತವೆ. 2014ರ ನವೆಂಬರ್ 29ರಂದು ಜಗತ್ತು ಸುತ್ತುವ ಹಾಯಿದೋಣಿ ಸ್ಪರ್ಧೆ ವೋಲ್ವೋ ಓಷನ್ ರೇಸ್‌ನಲ್ಲಿದ್ದ ಟೀಮ್ ವೆಸ್ಟಾಸ್ ವಿಂಡ್ ದೋಣಿ ಹಿಂದೂ ಮಹಾಸಾಗರದ ಕಾರ್ಗಾಡೋಸ್ ಕರಾಜೋಸ್ ಹವಳದ ದಿಬ್ಬಕ್ಕೆ ರಾತ್ರಿ ಬಡಿಯಿತು. ಆ ಜಾಗವನ್ನು ಸಾಕಷ್ಟು ಝೂಮ್ ಮಾಡಿ ನೋಡದೆ ಹೋದದ್ದು ಒಂದು ಮುಖ್ಯ ಕಾರಣ. ಅಷ್ಟು ಅನುಭವದ ನಾವಿಕರಿಗೇ ಹೀಗಾಯಿತು ಅಂದರೆ ನಾವೆಲ್ಲಿ? ರೂಟ್ ಹಾಕಿದ ಮೇಲೆ ಅದರುದ್ದಕ್ಕೂ ಹತ್ತಿರದಿಂದ ಝೂಮ್ ಮಾಡಿ ನೋಡದೆ ನಾನು ಹೊರಡುವುದೇ ಇಲ್ಲ. ಇನ್ನು ವಿಪರೀತ ಹತ್ತಿರಕ್ಕೆ ಹೋದರೆ ಓಪನ್‌ಸಿಪಿಎನ್ ಓವರ್‌ಝೂಮ್ ಅಂತ ಎಚ್ಚರಿಸುತ್ತದೆ.

ಲೈಸೆನ್ಸ್: ಪ್ಯಾಕೇಜ್ ಒಂದೇ ಕಂಪ್ಯೂಟರಿಗೆ ಕಟ್ಟುಬಿದ್ದದ್ದು, ಬದಲಿಸಬೇಕಾದರೆ ಇಂಟರ್ನೆಟ್ ಬೇಕು. ಲಂಗರು ಹಾಕಿದ ಜಾಗದಲ್ಲಿ ಲ್ಯಾಪ್‌ಟಾಪ್ ಕೆಟ್ಟರೆ ಕಥೆ ಮುಗೀತು. ಓಪನ್‌ಸಿಪಿಎನ್ ಅನ್ನು ಹಳೇ ಲ್ಯಾಪ್‌ಟಾಪ್‌ನಲ್ಲೂ ಹಾಕಿಟ್ಟಿದ್ದೇನೆ. ಲಿನಕ್ಸ್, ಮ್ಯಾಕ್, ರಾಸ್ಪ್‌ಬೆರಿ ಪೈ, ಎಲ್ಲದರಲ್ಲೂ ಓಡುತ್ತದೆ.

ಟ್ಯಾಬ್ ಆ್ಯಪ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಳಸಲು ಇದರಷ್ಟು ಸುಲಭ ಬೇರೆ ಇಲ್ಲ. ಆದರೆ ಉರಿಬಿಸಿಲಿಗೆ ಟ್ಯಾಬ್ ಬಿಸಿಯಾಗಿ ಆಫ್ ಆಗುತ್ತದೆ, ಒದ್ದೆ ಬೆರಳಿಗೆ ಪರದೆ ಮಾತು ಕೇಳುವುದಿಲ್ಲ. ಕೊಳ್ಳುವ ಮೊದಲು ಒಂದು ನೋಡಿಕೊಳ್ಳಿ: ವೈಫೈ ಮಾತ್ರ ಇರುವ ಎಷ್ಟೋ ಟ್ಯಾಬ್‌ಗಳಲ್ಲಿ ಜಿಪಿಎಸ್ ಚಿಪ್ಪೇ ಇರುವುದಿಲ್ಲ.

ನಾನು ಸಂಜೆ ಕೂತು ಲ್ಯಾಪ್‌ಟಾಪ್‌ನಲ್ಲಿ ರೂಟ್ ಹಾಕುವವನು. ರಾತ್ರಿ ಓಪನ್‌ಸಿಪಿಎನ್‌ನ ಆ್ಯಂಕರ್ ವಾಚ್ (ಲಂಗರು ಕಾವಲು) ಇಟ್ಟು ಮಲಗುತ್ತೇನೆ, ದೋಣಿ ಸರಿದರೆ ಅಲಾರಂ ಹೊಡೆಯುತ್ತದೆ. ಸಾಫ್ಟ್‌ವೇರ್‌ಗೆ ಹಾಕಬೇಕಾದ ದುಡ್ಡನ್ನು ಹೊಸ ಚಾರ್ಟ್‌ಗೆ, ಒಳ್ಳೆಯ ಅಡಾಪ್ಟರ್‌ಗೆ ಹಾಕುವುದು ನನಗೆ ಸರಿ ಅನಿಸುತ್ತದೆ. ಸೆಟ್ಟಿಂಗ್ಸ್ ಮುಟ್ಟಲು ಮನಸ್ಸಿಲ್ಲದವರು, ರಾಡಾರ್, ಚಾರ್ಟ್ ತೋರಿಸುವ ಪ್ಲಾಟರ್ ಎಲ್ಲ ಒಂದೇ ಕಂಪನಿಯದು ಇರುವವರು ಅದೇ ಕಂಪನಿಯ ಪ್ಯಾಕೇಜ್ ತಗೊಳ್ಳಿ. ತಗೊಳ್ಳುವ ಮುಂಚೆ ಟ್ರಯಲ್ ಹಾಕಿ, ಓಡುತ್ತಿರುವಾಗಲೇ ಜಿಪಿಎಸ್ ಕೇಬಲ್ ಕಿತ್ತು ಅದು ಏನು ಹೇಳುತ್ತದೆ ನೋಡಿ.